ದಿನಕ್ಕೆ ಅರ್ಧ ಗಂಟೆ ಸಿಕ್ಕರೆ ಎಲ್ಲಿ ಹಾಕೋದು? ವಾಕಿಂಗ್ ಮಾಡಿದರೂ ತೂಕ ಏರುತ್ತಿರುವವರಿಗೆ

ಎರಡು ವರ್ಷದ ಹಿಂದೆ ಹಾಸನಾಂಬೆ ಬಾಗಿಲು ತೆಗೆದಾಗ ದರ್ಶನಕ್ಕೆ ಹೋಗೋಣ ಅಂತ ಬೀರುವಿನಿಂದ ರೇಷ್ಮೆ ಸೀರೆ ತೆಗೆದೆ. ಬ್ಲೌಸ್ ತೋಳಿಗೇ ಸಿಕ್ಕಿಹಾಕಿಕೊಂಡಿತು. ಟೈಲರ್ ಹತ್ತಿರ ಒಯ್ದೆ. ಅವರು ಬ್ಲೌಸನ್ನು ಉಲ್ಟಾ ಮಾಡಿ, ಬದಿಯ ಹೊಲಿಗೆಯನ್ನು ಉಗುರಿನಲ್ಲಿ ಸವರಿ ತೋರಿಸಿದರು. "ಬಿಡಿಸೋಕೆ ಇನ್ನು ಬಟ್ಟೆ ಇಲ್ಲ ಮೇಡಂ. ಹೋದ ವರ್ಷಾನೇ ಎರಡೂ ಕಡೆ ಬಿಚ್ಚಿ ಕೊಟ್ಟಿದ್ದೆ" ಅಂದರು.

ಆ ವರ್ಷ ಪೂರ್ತಿ ವಾರಕ್ಕೆ ಆರು ದಿನ ಮಹಾರಾಜ ಪಾರ್ಕಿನಲ್ಲಿ ಮುಕ್ಕಾಲು ಗಂಟೆ ನಡೆದಿದ್ದೆ. ಮಂಜು ಬಿದ್ದ ದಿನವೂ ಬಿಟ್ಟಿರಲಿಲ್ಲ. ಆದರೂ ತೂಕ 64ರಿಂದ 69 ಕೆಜಿಗೆ ಹೋಗಿತ್ತು. ಅವತ್ತು ನನಗೆ ಅಳು ಬಂತು. ಜೊತೆಗೆ ನಡೆಯುವ ಗೆಳತಿ ಸಮಾಧಾನ ಮಾಡುತ್ತಾ, "ಬಿಡಿ ಅಕ್ಕ, ನಾಳೆಯಿಂದ ಇನ್ನೆರಡು ರೌಂಡ್ ಜಾಸ್ತಿ ಹಾಕೋಣ" ಅಂದಳು.

ಜಾಸ್ತಿ ಹಾಕೋಕೆ ಟೈಮ್ ಎಲ್ಲಿದೆ? ಬೆಳಗ್ಗೆ ಎಂಟೂವರೆಗೆ ಬೇಲೂರಿನ ಬಸ್ಸು. ಹೋಗೋಕೆ ಒಂದು ಗಂಟೆ, ಬರೋಕೆ ಒಂದು ಗಂಟೆ, ನಡುವೆ ಏಳು ಗಂಟೆ ಕುರ್ಚಿ. ಮನೆಗೆ ಬಂದರೆ ಅಡುಗೆ, ಮಕ್ಕಳ ಹೋಂವರ್ಕ್, ಅತ್ತೆಯವರ ಮಾತ್ರೆ. ಎಷ್ಟು ಎಳೆದರೂ ದಿನಕ್ಕೆ ಇನ್ನೊಂದು ಅರ್ಧ ಗಂಟೆ ಸಿಕ್ಕರೆ ದೊಡ್ಡದು. ಇದನ್ನು ಓದುತ್ತಿರುವ ಬಹಳ ಜನರ ಪರಿಸ್ಥಿತಿ ಇದೇ ಅಲ್ವಾ? ಹಾಗಾಗಿ "ಏನೇನು ಮಾಡಬೇಕು" ಅನ್ನುವ ಉದ್ದ ಪಟ್ಟಿ ಕೊಡುವುದಿಲ್ಲ. ಆ ಅರ್ಧ ಗಂಟೆಯನ್ನು ಹಾಕೋಕೆ ನಾಲ್ಕು ಜಾಗ ಇವೆ: ಇನ್ನಷ್ಟು ವಾಕಿಂಗ್, ಅಡುಗೆಮನೆ, ದಂಡ-ಬಸ್ಕಿ, ನಿದ್ದೆ. ನಾಲ್ಕನ್ನೂ ತಿಂಗಳುಗಟ್ಟಲೆ ಮಾಡಿ ನೋಡಿದ್ದೇನೆ. ಯಾವುದು ಯಾರಿಗೆ ಅಂತ ಹೇಳುತ್ತೇನೆ.

ಮೊದಲು ಒಂದು ರಕ್ತ ಪರೀಕ್ಷೆ

ಇದು ನಾಲ್ಕರ ಲೆಕ್ಕಕ್ಕೆ ಸೇರುವುದಿಲ್ಲ, ಯಾರೂ ಬಿಡಬಾರದು. ಊಟ, ನಿದ್ದೆ ಯಾವುದೂ ಬದಲಾಗದೆ ತೂಕ ಏರುತ್ತಿದ್ದರೆ ಡಾಕ್ಟರ್ ಹತ್ತಿರ ಹೋಗಿ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಮತ್ತು ಶುಗರ್ ನೋಡಿಸಿ. ಸುಸ್ತು, ಕೂದಲು ಉದುರುವುದು, ಬೇರೆಯವರಿಗಿಂತ ಜಾಸ್ತಿ ಚಳಿ, ಮುಟ್ಟಿನ ಏರುಪೇರು ಇದ್ದರಂತೂ ತಡ ಮಾಡಬೇಡಿ. ಪಿಸಿಓಎಸ್ (ಮುಟ್ಟು ಏರುಪೇರಾಗುವ ಒಂದು ಹಾರ್ಮೋನ್ ತೊಂದರೆ) ಇರುವ ಹೆಣ್ಣುಮಕ್ಕಳಿಗೂ ತೂಕ ಬೇಗ ಏರುತ್ತದೆ.

ಆದರೆ ಥೈರಾಯ್ಡ್ ಒಂದರಿಂದಲೇ ಹದಿನೈದು-ಇಪ್ಪತ್ತು ಕೆಜಿ ಏರುವುದು ಅಪರೂಪ. ಸಾಮಾನ್ಯವಾಗಿ ಅದರಿಂದ ಏರುವುದು ಎರಡರಿಂದ ಐದು ಕೆಜಿ, ಅದರಲ್ಲೂ ಬಹುಪಾಲು ನೀರು ಮತ್ತು ಉಪ್ಪು. ಮಾತ್ರೆ ಶುರು ಮಾಡಿದ ಮೇಲೂ ಉಳಿದ ಕೆಲಸ ನಮ್ಮದೇ.

ನೀವು ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ. ಸ್ಟೆರಾಯ್ಡ್, ಇನ್ಸುಲಿನ್, ಕೆಲವು ಶುಗರ್ ಮಾತ್ರೆ, ಕೆಲವು ಖಿನ್ನತೆಯ ಮತ್ತು ಫಿಟ್ಸ್ ಮಾತ್ರೆಗಳು ತೂಕ ಏರಿಸುತ್ತವೆ. ಹಾಗಂತ ನೀವೇ ನಿಲ್ಲಿಸಬೇಡಿ, ಬದಲಿ ಇದೆಯಾ ಅಂತ ಕೇಳಿ. ಇನ್ನೊಂದು ಮಾತು. ಎರಡು-ಮೂರು ದಿನದಲ್ಲೇ ಎರಡು ಕೆಜಿಗಿಂತ ಜಾಸ್ತಿ ಏರಿ, ಕಾಲು ಊದಿ, ಉಸಿರು ಕಟ್ಟಿದ ಹಾಗೆ ಆದರೆ ಅದು ಕೊಬ್ಬಲ್ಲ. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ನನ್ನ ರಿಪೋರ್ಟ್ ಎಲ್ಲ ಸರಿಯಾಗಿತ್ತು. ಆಮೇಲೆ ನನ್ನ ಅರ್ಧ ಗಂಟೆಯ ಲೆಕ್ಕ ಶುರುವಾಯಿತು.

ಇನ್ನಷ್ಟು ವಾಕಿಂಗ್

ಗೆಳತಿ ಹೇಳಿದ್ದೇ ಮೊದಲು ಮಾಡಿದ್ದು. ಮುಕ್ಕಾಲು ಗಂಟೆ ಒಂದೂಕಾಲು ಗಂಟೆ ಆಯಿತು. ಮೂರು ತಿಂಗಳಲ್ಲಿ ಇಳಿದದ್ದು ಅರ್ಧ ಕೆಜಿ. ಮಂಡಿ ನೋವು ಬಂತು.

65 ಕೆಜಿ ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ಸುಮಾರು 120 ಕ್ಯಾಲೊರಿ ಖರ್ಚಾಗುತ್ತದೆ. ಅದೇ ಅರ್ಧ ಗಂಟೆ ಸುಮ್ನೆ ಕೂತಿದ್ದರೂ ಮೂವತ್ತು ಚಿಲ್ಲರೆ ಖರ್ಚಾಗಿಯೇ ಆಗುತ್ತಿತ್ತು. ಅಂದರೆ ನಿಜವಾದ ಲಾಭ ತೊಂಬತ್ತರ ಆಸುಪಾಸು. ಎರಡು ಚಮಚ ಸಕ್ಕರೆ ಹಾಕಿದ ಒಂದು ಲೋಟ ಹಾಲಿನ ಕಾಫಿಯಲ್ಲಿ ನೂರರ ಹತ್ತಿರ ಇರುತ್ತದೆ. ಪಾರ್ಕಿನಿಂದ ಹೊರಗೆ ಬಂದು ನಾವು ಐದು ಜನ ನಿಂತು ಕುಡಿಯುತ್ತಿದ್ದದ್ದು ಅದೇ ಕಾಫಿ.

ಇಷ್ಟೇ ಅಲ್ಲ. ಜಾಸ್ತಿ ನಡೆದ ದಿನ ಹಸಿವೂ ಜಾಸ್ತಿ. "ಇವತ್ತು ಎರಡು ರೌಂಡ್ ಹೆಚ್ಚು ಹಾಕಿದೀನಲ್ಲ" ಅನ್ನುವ ಧೈರ್ಯದಲ್ಲಿ ಕೈ ಇನ್ನೊಂದು ದೋಸೆಗೆ ಹೋಗುತ್ತದೆ. ದೇಹವೂ ಉಳಿದ ಹೊತ್ತಿನಲ್ಲಿ ಖರ್ಚು ಕಡಿಮೆ ಮಾಡಿಕೊಳ್ಳುತ್ತದೆ. ಸಂಜೆ ಸೋಫಾದಿಂದ ಏಳೋಕೆ ಮನಸ್ಸಾಗದೆ ಮಗನಿಗೆ "ನೀರು ತಗೊಂಡು ಬಾರೋ" ಅನ್ನುತ್ತಿದ್ದೆ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ ಹೇಳುತ್ತದೆ. ನಾನು ಮೊದಲೇ 270 ನಿಮಿಷ ಮಾಡುತ್ತಿದ್ದೆ. ಹೃದಯಕ್ಕೆ, ಶುಗರಿಗೆ, ಮನಸ್ಸಿಗೆ ಅದು ಬೇಕೇ ಬೇಕು, ಯಾರೂ ನಿಲ್ಲಿಸಬೇಡಿ. ಆದರೆ ನೀವೂ ಈ ಲೆಕ್ಕ ಮುಟ್ಟಿದ್ದರೆ ಹೊಸ ಅರ್ಧ ಗಂಟೆ ಇಲ್ಲಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ವಾರಕ್ಕೆ ನೂರು ನಿಮಿಷವೂ ಆಗುತ್ತಿಲ್ಲ ಅನ್ನುವವರು ಮಾತ್ರ ಇದನ್ನೇ ಮೊದಲು ಆರಿಸಿಕೊಳ್ಳಿ.

ನಡಿಗೆಯನ್ನು ಚೂರುಚೂರು ಮಾಡಿ ದಿನಪೂರ್ತಿ ಹಂಚುವುದು ಬೇರೆ ವಿಷಯ. ಅದಕ್ಕೆ ಅರ್ಧ ಗಂಟೆ ಬೇಡ. ಸಂಜೆ ಬಸ್ ಸ್ಟ್ಯಾಂಡಿನಿಂದ ಮನೆಗೆ ಆಟೋ ಬಿಟ್ಟೆ. ಆಫೀಸಿನಲ್ಲಿ ಫೋನ್ ಬಂದರೆ ಎದ್ದು ನಿಂತು ಮಾತಾಡುತ್ತೇನೆ. ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ ಮನೆ ಮುಂದಿನ ರಸ್ತೆಯಲ್ಲಿ ಓಡಾಡುತ್ತೇನೆ, ಊಟದ ಮೇಲಿನ ಶುಗರ್ ಇಳಿಯೋಕೆ ಅದು ಒಳ್ಳೆಯದು. ಸಕಲೇಶಪುರ ಕಡೆಯವರಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ಹೊರಗೆ ಕಾಲಿಡೋಕೇ ಆಗುವುದಿಲ್ಲ. ಅವರಿಗೆ ಮನೆಯ ಮೆಟ್ಟಿಲೇ ಗತಿ.

ಅಡುಗೆಮನೆ

ನನಗೆ ಕಣ್ಣು ತೆರೆಸಿದ್ದು ಎಣ್ಣೆ ಕ್ಯಾನ್. ಡಯಟ್ ಅನ್ನುವ ಮಾತು ಕೇಳಿದರೇ ನಮ್ಮ ಮನೆಯಲ್ಲಿ ಮುಖ ಗಂಟಾಗುತ್ತದೆ, ಹಾಗಾಗಿ ಯಾರಿಗೂ ಏನೂ ಹೇಳದೆ ಒಂದು ತಿಂಗಳು ಬರೀ ಅಳತೆ ಮಾಡಿದೆ. ಒಂದನೇ ತಾರೀಕು ಐದು ಲೀಟರಿನ ಹೊಸ ಕ್ಯಾನ್ ಒಡೆದು, ಪ್ಲಾಸ್ಟಿಕ್ಕಿನ ಮೇಲೆ ಮಾರ್ಕರಿನಲ್ಲಿ ತಾರೀಕು ಬರೆದೆ. ವಾರಕ್ಕೊಮ್ಮೆ ಎಣ್ಣೆ ನಿಂತ ಮಟ್ಟಕ್ಕೆ ಒಂದು ಗೆರೆ. ಮೂವತ್ತನೇ ತಾರೀಕು ತಳದಲ್ಲಿ ಒಗ್ಗರಣೆಗಾಗುವಷ್ಟು ಎಣ್ಣೆಯೂ ಇರಲಿಲ್ಲ.

ಮನೆಯಲ್ಲಿ ನಾವು ನಾಲ್ಕು ಜನ. ಐದು ಲೀಟರ್ ಎಣ್ಣೆ ಅಂದರೆ ಸುಮಾರು 4,600 ಗ್ರಾಂ. ತಲೆಗೆ ದಿನಕ್ಕೆ 38 ಗ್ರಾಂ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಅಂದರೆ ಬರೀ ಎಣ್ಣೆಯಿಂದಲೇ ಒಬ್ಬೊಬ್ಬರಿಗೆ ದಿನಕ್ಕೆ 340ರ ಮೇಲೆ. ತಿಂಗಳಿಗೆ ಮೂರು ಲೀಟರಿಗೆ ಇಳಿಸಿದರೆ ಅದು 207ಕ್ಕೆ ಬರುತ್ತದೆ. ವ್ಯತ್ಯಾಸ 130ಕ್ಕಿಂತ ಜಾಸ್ತಿ. ಮೂರು ತಿಂಗಳು ಮಂಡಿ ನೋಯಿಸಿಕೊಂಡು ನಡೆದ ಆ ಅರ್ಧ ಗಂಟೆ ಈ ಕ್ಯಾನಿನಲ್ಲಿತ್ತು!

ಇಳಿಸಿದ್ದು ಹೇಗೆ ಅಂದರೆ, ಕ್ಯಾನಿನಿಂದ ಬಾಣಲೆಗೆ ನೇರವಾಗಿ ಸುರಿಯುವುದನ್ನು ನಿಲ್ಲಿಸಿದೆ. ಎಣ್ಣೆ ಡಬ್ಬಿಯೊಳಗೆ ಒಂದು ಚಮಚ ಇಟ್ಟೆ, ಎಲ್ಲರೂ ಅದರಲ್ಲೇ ಹಾಕಬೇಕು. ಹಾಸನದವರ ಮನೆ, ಆಲೂಗಡ್ಡೆಗೆ ಬರವಿಲ್ಲ. ಆಲೂಗಡ್ಡೆ ಹುರಿದ ಪಲ್ಯದ ಬದಲು ಬೇಯಿಸಿ ಒಗ್ಗರಣೆ ಕೊಟ್ಟ ಪಲ್ಯ ಮಾಡತೊಡಗಿದೆ. ಅಕ್ಕಿ ರೊಟ್ಟಿಗೆ ಕಾವಲಿಯ ಸುತ್ತ ಎಣ್ಣೆ ಬಿಡುವ ಬದಲು ಈರುಳ್ಳಿಯ ಅರ್ಧ ಹೋಳನ್ನು ಎಣ್ಣೆಗೆ ಅದ್ದಿ ಒರೆಸುತ್ತೇನೆ. ಇದು ನಮ್ಮ ಅತ್ತೆ ಹೇಳಿಕೊಟ್ಟದ್ದು, ಅವರ ಅಮ್ಮನ ಮನೆಯಲ್ಲಿ ಹಾಗೇ ಮಾಡುತ್ತಿದ್ದರಂತೆ.

ಇನ್ನು ಕಾಫಿ. ನಾವು ಕಾಫಿ ಸೀಮೆಯ ಪಕ್ಕದವರು, ಬಿಡಿ ಅನ್ನೋಕೆ ನನಗೇ ಬಾಯಿ ಬರುವುದಿಲ್ಲ. ದಿನಕ್ಕೆ ನಾಲ್ಕು ಲೋಟ, ತಲಾ ಎರಡು ಚಮಚ ಸಕ್ಕರೆ ಅಂದರೆ ಹತ್ತಿರ ಹತ್ತಿರ 40 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಬೇರೆಯಾಗಿ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ. ನಾನು ಎರಡು ಲೋಟಕ್ಕೆ ಬಂದು, ಸಕ್ಕರೆ ಅರ್ಧ ಚಮಚ ಮಾಡಿಕೊಂಡೆ. ಬೆಲ್ಲ ಹಾಕಿಕೊಂಡರೆ ಪರವಾಗಿಲ್ಲ ಅನ್ನುವವರಿದ್ದಾರೆ. ತೂಕದ ಲೆಕ್ಕದಲ್ಲಿ ಬೆಲ್ಲಕ್ಕೂ ಸಕ್ಕರೆಗೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ.

ಮುದ್ದೆಯ ಬಗ್ಗೆಯೂ ಹೇಳಲೇಬೇಕು, ಯಾಕಂದರೆ ನಮ್ಮ ಕಡೆ ಎಲ್ಲರ ಸಲಹೆ ಅದೇ: "ಅನ್ನ ಬಿಟ್ಟು ಮುದ್ದೆ ತಿನ್ನು, ಸಣ್ಣ ಆಗ್ತೀಯ." ನೂರು ಗ್ರಾಂ ರಾಗಿಹಿಟ್ಟಿನಲ್ಲಿ 320ರ ಆಸುಪಾಸು ಕ್ಯಾಲೊರಿ, ನೂರು ಗ್ರಾಂ ಅಕ್ಕಿಯಲ್ಲಿ 350ರ ಆಸುಪಾಸು. ಅಂಥ ದೊಡ್ಡ ಅಂತರವೇನೂ ಇಲ್ಲ. ರಾಗಿಯಲ್ಲಿ ನಾರು ಮತ್ತು ಸುಣ್ಣದ ಅಂಶ ಬಹಳ ಜಾಸ್ತಿ, ಅದು ದೊಡ್ಡ ಲಾಭ. ಇನ್ನೊಂದು ಲಾಭ, ಮುದ್ದೆಗೆ ಲೆಕ್ಕ ಇದೆ. ಒಂದು ಅಂದರೆ ಒಂದೇ. ಅನ್ನವನ್ನು ಸಾರಿಗೊಮ್ಮೆ, ಪಲ್ಯಕ್ಕೊಮ್ಮೆ, ಮಜ್ಜಿಗೆಗೊಮ್ಮೆ ಬಡಿಸಿಕೊಳ್ಳುತ್ತೇವೆ. ಎಡವಟ್ಟಾಗುವುದು ಮುದ್ದೆ ಆದ ಮೇಲೆ "ಒಂಚೂರು ಅನ್ನ" ಅನ್ನುವಲ್ಲಿ. ಆ ಒಂಚೂರನ್ನು ಒಮ್ಮೆ ತೂಕ ಮಾಡಿ ನೋಡಿ. ನನ್ನದು 180 ಗ್ರಾಂ ಇತ್ತು. ರಾತ್ರಿ ಮುದ್ದೆ ಅಥವಾ ಅನ್ನ, ಯಾವುದಾದರೂ ಒಂದು ಅಂತ ಮಾಡಿಕೊಂಡೆ. ಮೊದಲ ವಾರ ಊಟವೇ ಮುಗಿಯಲಿಲ್ಲ ಅನ್ನಿಸುತ್ತಿತ್ತು. ಆಮೇಲೆ ರೂಢಿಯಾಯಿತು.

ಅದು ರೂಢಿಯಾಗೋಕೆ ಕಾರಣ ಕಾಳು. ಊಟದಲ್ಲಿ ಪ್ರೊಟೀನ್ ಚೆನ್ನಾಗಿದ್ದರೆ ಹೊಟ್ಟೆ ಬೇಗ ತುಂಬುತ್ತದೆ, ಬಹಳ ಹೊತ್ತು ಹಸಿವಾಗುವುದಿಲ್ಲ. ನಮ್ಮ ದೇಶದ ಲೆಕ್ಕದಲ್ಲಿ ಒಂದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಬೇಕು. 65 ಕೆಜಿಗೆ 54 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ. ನೂರು ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಇದೆ. ನನ್ನ ಅರ್ಧ ಗಂಟೆ ಅಡುಗೆಮನೆಯಲ್ಲಿ ಖರ್ಚಾಗುವುದು ಇಲ್ಲೇ. ಭಾನುವಾರ ಹುರುಳಿ, ಹೆಸರು, ಕಡಲೆ ನೆನೆಹಾಕಿ, ಬಟ್ಟೆ ಕಟ್ಟಿ ಮೊಳಕೆ ಬರಿಸಿ ಫ್ರಿಜ್ಜಿನಲ್ಲಿಡುತ್ತೇನೆ. ಸೊಪ್ಪು ಬಿಡಿಸಿ ಪೇಪರಿನಲ್ಲಿ ಸುತ್ತಿಡುತ್ತೇನೆ. ವಾರದ ನಡುವೆ ಸಂಜೆ ಏಳಕ್ಕೆ ಸುಸ್ತಾಗಿ ಬಂದಾಗ ಮೊಳಕೆಕಾಳು ಸಾರಿಗೆ ಇಪ್ಪತ್ತು ನಿಮಿಷ ಸಾಕು. ಮೊದಲೆಲ್ಲ ಅದೇ ಹೊತ್ತಿಗೆ ಬಸ್ ಸ್ಟ್ಯಾಂಡ್ ಹತ್ತಿರ ಬೋಂಡ ಕಟ್ಟಿಸಿಕೊಂಡು ಬರುತ್ತಿದ್ದೆ.

ನಾಲ್ಕರಲ್ಲಿ ತೂಕ ಇಳಿಸೋಕೆ ಅತಿ ಹೆಚ್ಚು ಕೆಲಸ ಮಾಡಿದ್ದು ಇದೇ. ಇಲ್ಲಿ ಕಷ್ಟ ಬರುವುದು ನೆಂಟರಿಂದ. ಕಾಫಿ ಬೇಡ ಅಂದರೆ ಬೇಜಾರು, ಅರ್ಧ ಲೋಟ ಅಂದರೆ ಯಾರಿಗೂ ಬೇಜಾರಿಲ್ಲ.

ದಂಡ-ಬಸ್ಕಿ

ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಮಾಂಸಖಂಡ ಕರಗುತ್ತಾ ಹೋಗುತ್ತದೆ. ವಾಕಿಂಗ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಊಟ ಕಡಿಮೆ ಮಾಡಿದಾಗ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ. ತೋಳು ಜೋತುಬಿದ್ದು, ಮೆಟ್ಟಿಲು ಹತ್ತೋಕೆ ಸುಸ್ತಾಗಿ, ಸ್ವಲ್ಪ ತಿಂದರೂ ಮತ್ತೆ ತೂಕ ವಾಪಸ್ ಬರುವುದಕ್ಕೆ ಇದೂ ಒಂದು ಕಾರಣ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಎರಡು ದಿನವಾದರೂ ಮಾಂಸಖಂಡಕ್ಕೆ ಕೆಲಸ ಕೊಡಿ ಅನ್ನುತ್ತದೆ. ನಮ್ಮ ಗರಡಿಮನೆಯವರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ.

ಜಿಮ್ಮಿನಲ್ಲಿ "ಮಸಲ್ ಬಂದರೆ ಕೂತಲ್ಲೇ ಕೊಬ್ಬು ಕರಗುತ್ತೆ" ಅನ್ನುತ್ತಾರೆ. ಅದು ಸ್ವಲ್ಪ ಹೆಚ್ಚಾಯಿತು. ಒಂದು ಕೆಜಿ ಮಾಂಸಖಂಡ ಸುಮ್ಮನಿರುವಾಗ ದಿನಕ್ಕೆ ಖರ್ಚು ಮಾಡುವುದು ಹದಿಮೂರು ಕ್ಯಾಲೊರಿಯ ಆಸುಪಾಸು. ಇದನ್ನು ಆರಿಸಿಕೊಳ್ಳಬೇಕಾದದ್ದು ಬೇರೆ ಕಾರಣಕ್ಕೆ. ಇಳಿದದ್ದು ಕೊಬ್ಬೇ ಆಗಿರಲಿ, ಸೊಂಟ ಕರಗಲಿ, ಶುಗರ್ ಹಿಡಿತದಲ್ಲಿರಲಿ, ಮಂಡಿ ಗಟ್ಟಿಯಾಗಲಿ ಅಂತ.

ಜಿಮ್ಮೋ ಮನೆಯೋ? ಹತ್ತಿರದಲ್ಲಿ ಜಿಮ್ ಇದ್ದು, ಕಲಿಸುವವರು ಒಳ್ಳೆಯವರಿದ್ದರೆ ಮೊದಲ ಮೂರು ತಿಂಗಳು ಅಲ್ಲಿಗೆ ಹೋಗುವುದು ಒಳ್ಳೆಯದು, ಭಂಗಿ ಸರಿಯಾಗಿ ಬರುತ್ತದೆ. ನನಗೆ ಹೋಗಿ ಬರುವುದರಲ್ಲೇ ಅರ್ಧ ಗಂಟೆ ಮುಗಿಯುತ್ತಿತ್ತು. ಮನೆಯಲ್ಲೇ ಮಾಡುತ್ತೇನೆ. ಕುರ್ಚಿ ಹಿಂದಿಟ್ಟುಕೊಂಡು ಹತ್ತು ಬಸ್ಕಿ, ಗೋಡೆಗೆ ಕೈಯೂರಿ ಹತ್ತು ದಂಡ, ಐದು ಕೆಜಿ ಅಕ್ಕಿ ಚೀಲವನ್ನು ಬಾಗಿ ಎತ್ತಿ ಎದೆಗೆ ತರುವುದು ಹತ್ತು ಸಲ. ಇದೇ ಮೂರು ಸುತ್ತು. ಸುಲಭವಾದರೆ ಚೀಲ ಹತ್ತು ಕೆಜಿ ಆಗುತ್ತದೆ. ಮಂಗಳವಾರ, ಶುಕ್ರವಾರ ಮಾತ್ರ. ಆ ಎರಡು ದಿನ ಪಾರ್ಕಿಗೆ ಹೋಗುವುದಿಲ್ಲ, ಹಾಗಾಗಿ ಹೊಸ ಸಮಯವೇ ಬೇಕಾಗಲಿಲ್ಲ. ಬಿಪಿ ಇರುವವರು ಉಸಿರು ಬಿಗಿಹಿಡಿದು ಎತ್ತಬೇಡಿ, ಎತ್ತುವಾಗ ಉಸಿರು ಹೊರಗೆ ಬಿಡಿ.

ಶುರು ಮಾಡಿದ ಮೊದಲ ಎರಡು-ಮೂರು ವಾರ ತೂಕ ಒಂದು ಕೆಜಿ ಏರಬಹುದು. ಹೆದರಬೇಡಿ. ದಣಿದ ಮಾಂಸಖಂಡ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮುಟ್ಟಿನ ಮುಂಚೆಯೂ ಹೀಗೇ ಏರುತ್ತದೆ. ನಾನು ಆ ವಾರಗಳಲ್ಲಿ ತಕ್ಕಡಿ ಬಿಟ್ಟು ಟೈಲರ್ ಟೇಪ್ ನಂಬಿದೆ. ಭಾರತೀಯರಿಗೆ ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು ಅನ್ನುತ್ತಾರೆ. ನನ್ನದು 91 ಇತ್ತು.

ನಿದ್ದೆ

ಇದನ್ನು ಯಾರೂ ವ್ಯಾಯಾಮದ ಸಾಲಿಗೆ ಸೇರಿಸುವುದಿಲ್ಲ. ಆದರೆ ರಾತ್ರಿ ಹನ್ನೆರಡಕ್ಕೆ ಮಲಗಿ ಐದಕ್ಕೆ ಏಳುವವರು ನೀವಾಗಿದ್ದರೆ, ಅರ್ಧ ಗಂಟೆ ಮೊದಲು ಇಲ್ಲಿಗೇ ಹಾಕಿ. ನಿದ್ದೆ ಕೆಟ್ಟರೆ ಹಸಿವು ಹುಟ್ಟಿಸುವ ಹಾರ್ಮೋನ್ ಏರುತ್ತದೆ, ಸಾಕು ಅನ್ನಿಸುವ ಹಾರ್ಮೋನ್ ಇಳಿಯುತ್ತದೆ. ಅವತ್ತು ಕರಿದದ್ದು, ಸಿಹಿ ಬೇಕು ಬೇಕು ಅನ್ನಿಸುವುದು ಇದಕ್ಕೇ. 2022ರಲ್ಲಿ ಅಮೆರಿಕದ ಷಿಕಾಗೋದಲ್ಲಿ, ತೂಕ ಜಾಸ್ತಿ ಇದ್ದು ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ 80 ಯುವಕ-ಯುವತಿಯರ ಮೇಲೆ ಮಾಡಿದ ಅಧ್ಯಯನ ಹೊರಬಂತು. ಅವರಲ್ಲಿ ನಿದ್ದೆಯನ್ನು ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹೆಚ್ಚಿಸಿಕೊಂಡವರು ಯಾವ ಡಯಟ್ಟೂ ಇಲ್ಲದೆ ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆ ತಿಂದಿದ್ದರು. ಒಂದು ಗಂಟೆ ವಾಕಿಂಗಿಗೂ ಇಷ್ಟು ಸಿಗುವುದು ಕಷ್ಟ.

ನನ್ನ ನಿದ್ದೆ ತಿನ್ನುತ್ತಿದ್ದದ್ದು ಫೋನು. ಹತ್ತೂವರೆಗೆ ಅದನ್ನು ನಡುಮನೆಯಲ್ಲೇ ಚಾರ್ಜಿಗೆ ಹಾಕಿ ಬರುತ್ತೇನೆ. ಎಳೆ ಮಗುವಿನ ತಾಯಂದಿರಿಗೆ, ರಾತ್ರಿ ಪಾಳಿಯವರಿಗೆ ಇದು ಅವರ ಕೈಯಲ್ಲಿಲ್ಲ, ಗೊತ್ತು. ಅಂಥವರು ಐದಕ್ಕೆ ಅಲಾರಂ ಇಟ್ಟು ವಾಕಿಂಗಿಗೆ ಓಡುವುದನ್ನಾದರೂ ದಯವಿಟ್ಟು ಬಿಡಿ. ಮಧ್ಯಾಹ್ನವೋ ಸಂಜೆಯೋ ಸಿಕ್ಕಾಗ ನಡೆಯಿರಿ.

ಡಬ್ಬಿಯ ಪುಡಿ, ಸೂಜಿ

ಊಟದ ಬದಲು ಶೇಕ್ ಕುಡಿಸುವ ಒಂದು ಕಡೆ ನಾನೂ ಎರಡು ತಿಂಗಳು ದುಡ್ಡು ಕಟ್ಟಿದ್ದೆ. ಮೂರು ಕೆಜಿ ಇಳಿಯಿತು, ಪುಡಿ ನಿಲ್ಲಿಸಿದ ಮೇಲೆ ಮೂರೂ ವಾಪಸ್ ಬಂತು. ಮನೆಯ ಊಟ ಹೇಗೆ ಮಾಡಬೇಕು ಅಂತ ಅಲ್ಲಿ ಯಾರೂ ಹೇಳಿಕೊಡಲಿಲ್ಲ. ಆ ದುಡ್ಡಿಗೆ ಮೊಟ್ಟೆ, ಕಾಳು, ಮೊಸರು ತಂದಿದ್ದರೆ ಮನೆಮಂದಿಯೆಲ್ಲ ತಿನ್ನಬಹುದಿತ್ತು. 2025ರಿಂದ ನಮ್ಮ ದೇಶದಲ್ಲೂ ತೂಕ ಇಳಿಸುವ ಸೂಜಿಮದ್ದುಗಳು ಸಿಗುತ್ತಿವೆ. ಅದು ಬೊಜ್ಜು ಕಾಯಿಲೆಯ ಮಟ್ಟಕ್ಕೆ ಹೋದವರಿಗೆ, ಇಲ್ಲವೇ ತೂಕ ಜಾಸ್ತಿಯಾಗಿ ಅದರಿಂದ ಬೇರೆ ಕಾಯಿಲೆಯೂ ಬಂದವರಿಗೆ, ಡಾಕ್ಟರ್ ನೋಡಿ ಬರೆದುಕೊಟ್ಟರೆ ಮಾತ್ರ. ಐದು ಕೆಜಿ ಏರಿದವರು ಯೋಚಿಸುವ ವಿಷಯ ಅಲ್ಲ.

ಹಾಗಾದರೆ ನೀವು ಯಾವುದು ಆರಿಸಿಕೊಳ್ಳಬೇಕು?

ರಾತ್ರಿ ಆರು ಗಂಟೆಯೂ ನಿದ್ದೆ ಆಗುತ್ತಿಲ್ಲವಾ, ಮೊದಲು ನಿದ್ದೆ. ನಿದ್ದೆ ಸರಿಯಿದ್ದು, ಮನೆಯ ಅಡುಗೆ ನಿಮ್ಮ ಕೈಯಲ್ಲಿದ್ದರೆ ಎಣ್ಣೆ ಕ್ಯಾನಿನ ಮೇಲೆ ಇವತ್ತೇ ತಾರೀಕು ಬರೆಯಿರಿ. ಅಡುಗೆ ಬೇರೆಯವರ ಕೈಯಲ್ಲಿದ್ದರೆ, ಪಿಜಿಯಲ್ಲೋ ಹೋಟೆಲಿನಲ್ಲೋ ಊಟವಾದರೆ, ನಿಮ್ಮ ಹಿಡಿತದಲ್ಲಿರುವುದು ಕಾಫಿಯ ಸಕ್ಕರೆ ಮತ್ತು ಎರಡನೇ ಸಲದ ಅನ್ನ. ಅಷ್ಟು ಮಾಡಿ, ಅರ್ಧ ಗಂಟೆಯನ್ನು ಬಸ್ಕಿಗೆ ಕೊಡಿ. ನಲವತ್ತು ದಾಟಿದ ಹೆಂಗಸರು, ಅದರಲ್ಲೂ ಮುಟ್ಟು ನಿಲ್ಲುವ ಹಂತದವರು, ತೂಕ ಇಳಿದರೂ ಇಳಿಯದಿದ್ದರೂ ವಾರಕ್ಕೆ ಎರಡು ದಿನ ಬಸ್ಕಿ ಬಿಡಬೇಡಿ. ಮೂಳೆಗೂ ಅದೇ ಆಸರೆ. ಏನೇ ಆರಿಸಿಕೊಂಡರೂ ಎರಡು ತಿಂಗಳು ಅದೊಂದನ್ನೇ ಮಾಡಿ. ವಾರಕ್ಕೊಮ್ಮೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ, ತಿಂಗಳಿಗೊಮ್ಮೆ ಸೊಂಟದ ಅಳತೆ ಬರೆದಿಡಿ. ಎರಡು ತಿಂಗಳಾದರೂ ಎರಡೂ ಅಲುಗಾಡದಿದ್ದರೆ ಆ ಪುಸ್ತಕ ಹಿಡಿದುಕೊಂಡೇ ಡಾಕ್ಟರ್ ಹತ್ತಿರ ಹೋಗಿ.

ನನಗೆ 69ರಿಂದ 65ಕ್ಕೆ ಬರೋಕೆ ಹತ್ತು ತಿಂಗಳು ಹಿಡಿಯಿತು. ಸೊಂಟ ಈಗ 84. ಇನ್ನೂ ದೂರ ಇದೆ. ಮಂಗಳವಾರ ಬೆಳಗ್ಗೆ ನಾನು ಕುರ್ಚಿ ಎಳೆದ ಸದ್ದಿಗೆ ಅತ್ತೆ ಅಡುಗೆಮನೆಯಿಂದ ಬರುತ್ತಾರೆ. ಅವರಿಗೆ ಎಪ್ಪತ್ತೊಂದು. ಇನ್ನೊಂದು ಕುರ್ಚಿಯಲ್ಲಿ ಕೂತು, ಎರಡೂ ಕೈ ಎದೆಗೆ ಕಟ್ಟಿಕೊಂಡು ನಿಧಾನ ಎದ್ದು ನಿಲ್ಲುತ್ತಾರೆ, ಮತ್ತೆ ಕೂರುತ್ತಾರೆ. "ಎಷ್ಟಾಯ್ತೇ?" ಅಂತ ನನ್ನನ್ನು ಕೇಳುತ್ತಾರೆ. ಮೊನ್ನೆ ಹನ್ನೆರಡು ಆಗಿತ್ತು.